ಹೆಸರು ಕೇಳದ ಕಂಪನಿಯ ಮಿನಿ ಟ್ರ್ಯಾಕ್ಟರ್: ಕೆಟ್ಟು ನಿಂತರೆ ಯಾರನ್ನು ಕರೆಯಬೇಕು?

ಕುಷ್ಟಗಿ ದಾಳಿಂಬೆ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದೇ ಯೋಚನೆ ತಲೆಯಲ್ಲಿ ಕೂತಿದೆ. ತಿಳಿದವರು ದಾರಿ ಹೇಳಿ.

ನಮ್ಮದು ಕುಷ್ಟಗಿ ತಾಲ್ಲೂಕು, ಒಟ್ಟು ಹತ್ತು ಎಕರೆ ಮಸಾರಿ. ಆರು ಎಕರೆಯಲ್ಲಿ ದಾಳಿಂಬೆ ಇದೆ, 14 ಅಡಿಗೆ 10 ಅಡಿ. ಉಳಿದದ್ದರಲ್ಲಿ ಸಜ್ಜೆ, ಶೇಂಗಾ. ಗಿಡಕ್ಕೆ ಐದು ವರ್ಷ ತುಂಬಿದೆ. ಎರಡೂ ಕಡೆಯಿಂದ ಟೊಂಗೆ ಚಾಚಿಕೊಂಡು ಸಾಲಿನ ನಡುವೆ ಆರು ಅಡಿ ಜಾಗ ಉಳಿದರೆ ಹೆಚ್ಚು. ಬಾಡಿಗೆಯ ದೊಡ್ಡ ಟ್ರ್ಯಾಕ್ಟರ್ ಒಳಗೆ ಹೋದರೆ ಮಡ್‌ಗಾರ್ಡ್ ತಾಗಿ ಕಾಯಿ ಉದುರುತ್ತವೆ. ಪೈಪ್ ಎಳೆದುಕೊಂಡು ಔಷಧಿ ಹೊಡೆಯೋಣ ಅಂದರೆ ಆಳು ಸಿಗುವುದಿಲ್ಲ. ಅದಕ್ಕೇ 24 ಎಚ್‌ಪಿಯ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ) ಮಿನಿ ಟ್ರ್ಯಾಕ್ಟರ್, ಜೊತೆಗೆ ಗಾಳಿಯಿಂದ ಔಷಧಿ ಹೊಡೆಯುವ ಒಂದು ಬ್ಲೋವರ್ ತರುವುದು ಅಂತ ಮನೆಯಲ್ಲಿ ಮಾತಾಗಿದೆ.

ಎರಡು ಗಾಡಿ ನೋಡಿದೆ. ಒಂದು ಎಲ್ಲರಿಗೂ ಗೊತ್ತಿರುವ ಕಂಪನಿಯದು. ಕೊಪ್ಪಳದಲ್ಲೇ ಶೋರೂಮ್ ಇದೆ. 5.9 ಲಕ್ಷ ಹೇಳಿದರು. ಇನ್ನೊಂದು ಹೊರ ರಾಜ್ಯದ ಸಣ್ಣ ಕಂಪನಿಯದು, 4.8 ಲಕ್ಷ. ಕುಷ್ಟಗಿಯ ಒಂದು ಅಂಗಡಿಯವರು ಅದಕ್ಕೆ ಸಬ್ ಡೀಲರ್, ಮುಖ್ಯ ಡೀಲರ್ ಇರುವುದು ಹುಬ್ಬಳ್ಳಿಯಲ್ಲಿ. ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. ಅವರು ನನಗೇನೂ ಕೆಟ್ಟದ್ದು ಮಾಡಿಲ್ಲ, ಸುಮ್ನೆ ಹೆಸರು ಎಳೆಯುವುದು ಸರಿಯಲ್ಲ.

ನಿಜ ಹೇಳಬೇಕೆಂದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಎರಡನೆಯದೇ. ಒಂದು ದಿನ ತೋಟಕ್ಕೆ ಕೊಟ್ಟಿದ್ದರು. ಸಾಲು ಮುಗಿದು ಬದು ಬಂದಾಗ ಒಂದೇ ಸಲಕ್ಕೆ ಸ್ಟೇರಿಂಗ್ ತಿರುಗಿಸಿ ಪಕ್ಕದ ಸಾಲಿಗೆ ಇಳಿದೆ, ರಿವರ್ಸ್ ಹಾಕಲೇ ಇಲ್ಲ. ಲಿಫ್ಟ್ ಲಿವರ್ ಎಡಗೈಗೆ ಸಿಗುತ್ತದೆ. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತದೆ, ಫಿಲ್ಟರ್ ಎಲ್ಲ ಕಣ್ಣೆದುರೇ. ಆದರೆ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಆ ಗಾಡಿ ಒಂದೂ ಇಲ್ಲ. ಅಪ್ಪ ಒಂದೇ ಮಾತು ಕೇಳಿದರು: "ಕೆಟ್ಟು ನಿಂತರೆ ಯಾರನ್ನ ಕರೀತಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಗಂಗಾವತಿ ಗದ್ದೆ

ತಮ್ಮಾ, ಬೇಡ. ಅಪ್ಪ ಕೇಳಿದ್ದು ಸರಿಯಾಗಿಯೇ ಇದೆ.

ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಡೆ ಎಲ್ಲರ ಗದ್ದೆಯೂ ಒಂದೇ ಸಲ ಕೆಸರಾಗುತ್ತದೆ. ಕೇಜ್ ವೀಲ್ ಹಾಕಿಕೊಂಡು ಗಾಡಿ ಹಗಲು ರಾತ್ರಿ ಓಡಬೇಕು. ಹೋದ ಮುಂಗಾರಿನಲ್ಲಿ ರಾತ್ರಿ ಎಂಟಕ್ಕೆ ನನ್ನ ಗಾಡಿಯ ಕ್ಲಚ್ ಪ್ಲೇಟ್ ಸುಟ್ಟಿತು. ಒಂಬತ್ತಕ್ಕೆ ಅಂಗಡಿಯವರ ಮನೆ ಬಾಗಿಲು ತಟ್ಟಿ ಪ್ಲೇಟ್ ತಂದೆ. ಬೆಳಗಿನ ಜಾವಕ್ಕೆ ಗಾಡಿ ಮತ್ತೆ ಗದ್ದೆಯಲ್ಲಿತ್ತು. ಆ ಪ್ಲೇಟ್ ಅವರ ಹತ್ತಿರ ಯಾಕೆ ಇತ್ತು? ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಅದೇ ಗಾಡಿ ಲೆಕ್ಕವಿಲ್ಲದಷ್ಟು ಇವೆ, ಅದಕ್ಕೆ. ನಿನ್ನ ಗಾಡಿಯ ಪ್ಲೇಟ್ ತಂದಿಟ್ಟುಕೊಂಡು ಯಾವ ಅಂಗಡಿಯವನು ಕೂರುತ್ತಾನೆ ಹೇಳು.

ಲಿಂಗಸುಗೂರು ತೋಟ

ಲಿವರ್ ಎಡಗಡೆ, ಬಾನೆಟ್ ಮುಂದಕ್ಕೆ ಅಂದ ಕೂಡಲೇ ಗೊತ್ತಾಯಿತು. ಅದೇ ಗಾಡಿ ನಮ್ಮಲ್ಲಿದೆ. ಮೂರು ವರ್ಷ ಆಯಿತು, ಮೀಟರ್ 1,400 ತಾಸು ತೋರಿಸುತ್ತಿದೆ. ಮೋಸಂಬಿ ಮತ್ತು ಸ್ವಲ್ಪ ದಾಳಿಂಬೆ ನಮ್ಮದು. ಗಾಡಿ ಓಡಿಸುವವಳು ನಾನೇ.

ಇಂಜಿನ್ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲಾರೆ. ಡೀಸೆಲ್ ಕಡಿಮೆ ಕುಡಿಯುತ್ತದೆ, ಬಿಸಿ ಆಗುವುದಿಲ್ಲ. ತೊಂದರೆ ಕೊಟ್ಟಿದ್ದು ಒಂದೇ ಜಾಗ, ಎಣ್ಣೆ ಹೊರಗೆ ಸೋರದಂತೆ ತಡೆಯುವ ಬಳೆ, ಅಂದರೆ ಮುಂದಿನ ಆಕ್ಸೆಲ್‌ನ ಹಬ್ ಸೀಲ್. 600 ತಾಸಿಗೆ ಬಲಗಡೆ ಸೋರಿತು. ಹುಬ್ಬಳ್ಳಿಗೆ ಫೋನ್ ಮಾಡಿದೆ, ಮೂರನೇ ದಿನ ಬಸ್ಸಿನಲ್ಲಿ ಸೀಲ್ ಬಂತು. ಎರಡನೇ ಸಲ ಅದೇ ಸೀಲ್‌ಗೆ ಹನ್ನೆರಡು ದಿನ ಕಾದೆ. ಅಷ್ಟರಲ್ಲಿ ಅಲ್ಲಿದ್ದ ಮೆಕ್ಯಾನಿಕ್ ಕೆಲಸ ಬಿಟ್ಟಿದ್ದ, ಹೊಸಬನಿಗೆ ಯಾವ ಸೀಲ್ ಅಂತ ತಿಳಿಯಲಿಲ್ಲ. ಕಂಪನಿ ಅದೇ, ಡೀಲರ್ ಅದೇ. ಒಬ್ಬ ಹುಡುಗ ಹೋದದ್ದಕ್ಕೆ ಮೂರು ದಿನದ ಕೆಲಸ ಹನ್ನೆರಡು ದಿನ ಆಯಿತು. ಈಗ ಎಡಗಡೆಯದು ಸ್ವಲ್ಪ ಒದ್ದೆಯಾಗುತ್ತಿದೆ, ನೋಡುತ್ತಿದ್ದೇನೆ.

ಆದರೂ ನಾನು ಬೇಡ ಅನ್ನುವುದಿಲ್ಲ. ದೊಡ್ಡ ಕಂಪನಿಯ ಗಾಡಿ ತರುವಷ್ಟು ದುಡ್ಡು ಆ ದಿನ ನಮ್ಮ ಹತ್ತಿರ ಇರಲಿಲ್ಲ. ಈ ಗಾಡಿ ಇರದಿದ್ದರೆ ಯಾವ ಗಾಡಿಯೂ ಇರುತ್ತಿರಲಿಲ್ಲ.

ಕಂಪ್ಲಿ ಫಿಟ್ಟರ್

22 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ನನ್ನ ಕಣ್ಣಿಗೆ ಗಾಡಿಯ ಬಣ್ಣ, ಹೆಸರು ಕಾಣುವುದಿಲ್ಲ, ಒಳಗಿನ ಸಾಮಾನು ಕಾಣುತ್ತದೆ. ಆ ಲೆಕ್ಕದಲ್ಲಿ ಹೇಳುತ್ತೇನೆ.

ಯಾವ ಟ್ರ್ಯಾಕ್ಟರ್ ಬಿಚ್ಚಿದರೂ ಅರ್ಧ ಸಾಮಾನು ಊರಿನದು, ಅರ್ಧ ಕಂಪನಿಯದು. ಬೇರಿಂಗ್ ಊರಿನದು. ಅದರ ಮೇಲೆ 6206 ಅಂತ ಇದ್ದರೆ ಗಂಗಾವತಿಯಲ್ಲೂ ಅದೇ, ಬಳ್ಳಾರಿಯಲ್ಲೂ ಅದೇ, ಒಳಗಿನ ತೂತು 30 ಎಂಎಂ. ಸಾದಾ ಆಯಿಲ್ ಸೀಲ್ ಕೂಡ ಹಾಗೇ, ಮೈಮೇಲೆ 35-52-7 ಅಂತ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ. ಅಂಗಡಿಯಲ್ಲಿ ಅಂಕಿ ಹೇಳಿದರೆ ಸಾಕು. ಫ್ಯಾನ್ ಬೆಲ್ಟ್, ಹೋಸ್ ಪೈಪ್, ಬ್ಯಾಟರಿ, ಇವೂ ಊರಿನವೇ. ಸ್ಟಾರ್ಟರ್ ಮೋಟರ್ ಲುಕಾಸ್ ಟಿವಿಎಸ್ ಆಗಿದ್ದರೆ, ಡೀಸೆಲ್ ಪಂಪ್ ಬಾಷ್ ಆಗಿದ್ದರೆ ಅರ್ಧ ಚಿಂತೆ ಬಿಡಿ. ನಮ್ಮ ಕಡೆ ಹಳಬರು ಇನ್ನೂ ಅದನ್ನು ಮೈಕೋ ಪಂಪ್ ಅಂತಲೇ ಕರೆಯುವುದು. ಅದನ್ನು ಟೆಸ್ಟ್ ಮಾಡುವ ಅಂಗಡಿಗಳು ಬಳ್ಳಾರಿಯಲ್ಲೇ ಇವೆ.

ಇನ್ನೊಂದು ಒಳ್ಳೆಯದಿದೆ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂತು. ಅವುಗಳಲ್ಲಿ ಸೆನ್ಸರ್, ಕಂಪ್ಯೂಟರ್ ಜಾಸ್ತಿ ಆದವು. ನಿಮ್ಮ 24 ಎಚ್‌ಪಿ ಗಾಡಿಗೆ ಆ ತೊಂದರೆ ಇಲ್ಲ. ಪಾನಾ, ಸುತ್ತಿಗೆ ಹಿಡಿಯಲು ಬರುವವನು ರಿಪೇರಿ ಮಾಡಬಲ್ಲ.

ಇನ್ನು ಕಂಪನಿಯದೇ ಬೇಕಾದವು: ಗೇರ್, ಕ್ರೌನ್ ಪಿನಿಯನ್, ಹೈಡ್ರಾಲಿಕ್ ಪಂಪ್, ಪಿಟಿಒ ಶಾಫ್ಟ್ (ಹಿಂದೆ ಜೋಡಿಸಿದ ಯಂತ್ರ ತಿರುಗಿಸುವ ದಂಡ), ಹೆಡ್ ಗ್ಯಾಸ್ಕೆಟ್. ಮಿನಿ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಕೂಡ ಇದರಲ್ಲೇ ಸೇರುತ್ತದೆ. ಹಲ್ಲಿನ ಲೆಕ್ಕ, ವ್ಯಾಸ ಎರಡೂ ಹೊಂದಬೇಕು. ಅಕ್ಕ ಹೇಳಿದ ಹಬ್ ಸೀಲ್ ಕೂಡ ಸಾದಾ ಸೀಲ್ ಅಲ್ಲ. ಫೋರ್ ವೀಲ್ ಗಾಡಿಯ ಮುಂದಿನ ಹಬ್ ಕೆಸರಿನಲ್ಲೇ ತಿರುಗುತ್ತದೆ, ಧೂಳು ತಡೆಯಲು ಎರಡು ಮೂರು ತುಟಿ ಇರುವ ಬೇರೆ ಜಾತಿಯ ಸೀಲ್ ಹಾಕಿರುತ್ತಾರೆ. ಅಂಕಿ ನೋಡಿ ಸಾದಾ ಸೀಲ್ ಹಾಕಿದರೆ ಒಂದು ಮಳೆಗಾಲಕ್ಕೆ ಬಾಳುವುದಿಲ್ಲ.

ಗಾಡಿ ತೆಗೆದುಕೊಳ್ಳುವ ಮೊದಲು ಪಾರ್ಟ್ಸ್ ಪುಸ್ತಕ ಕೇಳಿ. ಪ್ರತಿ ನಟ್ಟಿಗೂ ನಂಬರ್, ಚಿತ್ರ ಇರುವ ಪುಸ್ತಕ. ಆ ಪುಸ್ತಕ ಕೊಡದ ಕಂಪನಿಯ ಗಾಡಿ ನಾನಂತೂ ತೆಗೆದುಕೊಳ್ಳುವುದಿಲ್ಲ.

ಕುಷ್ಟಗಿ ದಾಳಿಂಬೆ

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪುಸ್ತಕ ಕೇಳಿದೆ. ಸಬ್ ಡೀಲರ್ ಹತ್ತಿರ ಇಲ್ಲ. ಹುಬ್ಬಳ್ಳಿಯಿಂದ ಮೊಬೈಲಿಗೆ ತರಿಸಿ ಕೊಡುತ್ತೇನೆ ಅಂದಿದ್ದಾರೆ. ಅಕ್ಕಾ, ನಿಮ್ಮ ಅನುಭವಕ್ಕೆ ತುಂಬಾ ಥ್ಯಾಂಕ್ಸ್. ನಿಮ್ಮ ಗಾಡಿ ಹನ್ನೆರಡು ದಿನ ಪೂರ್ತಿ ನಿಂತಿತ್ತಾ?

ಲಿಂಗಸುಗೂರು ತೋಟ

ಇಲ್ಲ. ಎಣ್ಣೆ ಹಾಕಿಕೊಂಡು, ಫೋರ್ ವೀಲ್ ಬಿಡಿಸಿ ಹಗುರ ಕೆಲಸ ಮಾಡಿದೆ. ಕಾಲ ಬೇಸಿಗೆ ಆಗಿತ್ತು, ನಡೆಯಿತು.

ಬಳ್ಳಾರಿ ಕೌಂಟರ್

ನಾನು ಆರು ವರ್ಷ ಬಳ್ಳಾರಿಯ ಒಂದು ಟ್ರ್ಯಾಕ್ಟರ್ ಡೀಲರ್ ಹತ್ತಿರ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಕೂತವನು. ಈಗ ಬೇರೆ ಕೆಲಸ. ಕೌಂಟರ್ ಹಿಂದೆ ಏನು ನಡೆಯುತ್ತದೆ ಅನ್ನುವುದು ರೈತರಿಗೆ ಗೊತ್ತಿರಬೇಕು.

ಕಪಾಟಿನಲ್ಲಿ ಇರುವ ಸಾಮಾನು ಕಂಪನಿಯದಲ್ಲ. ಡೀಲರ್ ತನ್ನ ದುಡ್ಡು ಕೊಟ್ಟು ತರಿಸಿದ್ದು. ಫಿಲ್ಟರ್ ವಾರಕ್ಕೆ ಹತ್ತು ಹೋಗುತ್ತದೆ, ಅದನ್ನು ಇಡುತ್ತಾನೆ. ಹೈಡ್ರಾಲಿಕ್ ಪಂಪ್ ವರ್ಷಕ್ಕೆ ಒಂದೂ ಹೋಗುವುದಿಲ್ಲ, ಅದನ್ನು ಇಟ್ಟರೆ ಅವನ ದುಡ್ಡು ಧೂಳು ತಿನ್ನುತ್ತದೆ. ಹಾಗಾಗಿ ತಾಲ್ಲೂಕಿನಲ್ಲಿ ನಾಲ್ಕೇ ಗಾಡಿ ಮಾರಿದ ಡೀಲರ್ ಎಷ್ಟೇ ಒಳ್ಳೆಯವನಾದರೂ ಕಪಾಟು ತುಂಬಿಸಲಾರ. ಅವನ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ.

ಆರ್ಡರ್‌ನಲ್ಲೂ ಎರಡು ತರ. ತಿಂಗಳಿಗೊಮ್ಮೆ ಹೋಗುವ ಸ್ಟಾಕ್ ಆರ್ಡರ್ ಒಂದು. "ಗಿರಾಕಿಯ ಗಾಡಿ ನಿಂತಿದೆ" ಅಂತ ಅರ್ಜೆಂಟಾಗಿ ಹಾಕುವುದು ಇನ್ನೊಂದು. ಎರಡನೆಯದಕ್ಕೆ ಸಾಗಣೆ ಖರ್ಚು ಜಾಸ್ತಿ, ಕೆಲವರು ಅದನ್ನು ಹಾಕುವುದೇ ಇಲ್ಲ, ಸ್ಟಾಕ್ ಆರ್ಡರ್ ಜೊತೆ ಸೇರಿಸಿ "ಬರುತ್ತೆ ಸರ್" ಅಂತಾರೆ. ನೀವು ಬಾಯಿ ಬಿಟ್ಟು ಕೇಳಬೇಕು: ಅರ್ಜೆಂಟ್ ಆರ್ಡರ್ ಹಾಕಿದ್ದೀರಾ, ಆರ್ಡರ್ ನಂಬರ್ ಎಷ್ಟು. ಇನ್ನೊಂದು ವಿಷಯ. ಡೀಲರ್ ಕಂಪನಿಗೆ ಬಾಕಿ ಇಟ್ಟಿದ್ದರೆ ಕಂಪನಿ ಸಾಮಾನು ತಡೆಯುತ್ತದೆ. ಆಗ ನಿಮ್ಮ ಗಾಡಿ ನಿಂತಿರುವುದು ಅವರಿಬ್ಬರ ಲೆಕ್ಕದಲ್ಲಿ. ಕಾರಣ ನಿಮಗೆ ಯಾರೂ ಹೇಳುವುದಿಲ್ಲ.

ಸಬ್ ಡೀಲರ್ ಅಂದರೆ ಬಹಳ ಕಡೆ ಗಾಡಿ ಮಾರುವವನು ಅಷ್ಟೇ. ಅವನಿಗೆ ಕಂಪನಿಯ ಪಾರ್ಟ್ಸ್ ಆರ್ಡರ್ ಹಾಕುವ ಕೋಡ್ ಇರುವುದಿಲ್ಲ. ಹೋಗಿ ಇದೊಂದನ್ನು ಕೇಳಿ.

ವಾರಂಟಿ ಕೊಡುವುದು ಕಂಪನಿ, ಡೀಲರ್ ಕ್ಲೇಮ್ ಹಾಕುವವನು ಮಾತ್ರ. ಕ್ಲೇಮ್ ಪಾಸಾಗಬೇಕಾದರೆ ಫ್ರೀ ಸರ್ವಿಸ್‌ಗಳು ತಾಸಿನ ಲೆಕ್ಕದಲ್ಲಿ ಸರಿಯಾಗಿ ಆಗಿರಬೇಕು, ಕಾರ್ಡಿನಲ್ಲಿ ಮೊಹರು ಇರಬೇಕು. ಮೊದಲ ಸರ್ವಿಸ್ 50 ತಾಸಿಗೆ ಅಂದರೆ 50ಕ್ಕೇ ಮಾಡಿಸಿ. ಮೆಕ್ಯಾನಿಕ್ ದೂರದಿಂದ ಬರಬೇಕು, ಮುಂದಿನ ವಾರ ಬರುತ್ತಾನೆ ಅಂತ 80 ತಾಸು ಓಡಿಸಿದರೆ ಮುಂದೆ ಅದನ್ನೇ ಹಿಡಿದು ಕ್ಲೇಮ್ ತಳ್ಳುತ್ತಾರೆ. ಟೈರ್, ಬ್ಯಾಟರಿಗೆ ಅವುಗಳ ಕಂಪನಿಯದೇ ವಾರಂಟಿ. ಸವೆಯುವ ಕ್ಲಚ್ ಪ್ಲೇಟ್‌ಗೆ ಸಾಮಾನ್ಯವಾಗಿ ಇರುವುದಿಲ್ಲ.

ಯಲಬುರ್ಗಾ ಕಡಲೆ

ನನ್ನದೊಂದು ಕೇಳಿ. ಎಲ್ಲರೂ ಡೀಲರ್ ಇದ್ದಾನೆ ಅಂತಲೇ ಮಾತಾಡುತ್ತಿದ್ದೀರಿ, ನಮ್ಮ ಡೀಲರ್ ಇಲ್ಲವಾದ.

ನಾಲ್ಕು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಗಾಡಿ ತಂದೆ. ಮಾರಿದವನು ಒಳ್ಳೆಯ ಹುಡುಗ, ಪೂಜೆ ದಿನ ಮನೆಗೆ ಬಂದು ಊಟ ಮಾಡಿ ಹೋದ. ಒಂದೂವರೆ ವರ್ಷಕ್ಕೆ, ಕಡಲೆ ಬಿತ್ತುವ ಹೊತ್ತಿಗೆ, ಪಿಟಿಒ ತಿರುಗುವುದು ನಿಂತಿತು. ಫೋನ್ ಮಾಡಿದೆ, ಸ್ವಿಚ್ ಆಫ್. ಹೋಗಿ ನೋಡಿದರೆ ಶೋರೂಮ್ ಬೋರ್ಡ್ ಕೆಳಗಿಳಿದಿತ್ತು, ಒಳಗೆ ಸಿಮೆಂಟ್ ಚೀಲ ಇಟ್ಟಿದ್ದರು. ಗೋಡೆಯ ಮೇಲೆ ಟ್ರ್ಯಾಕ್ಟರ್ ಚಿತ್ರ ಮಾತ್ರ ಹಾಗೇ ಇತ್ತು. ಅದನ್ನು ನೋಡಿಕೊಂಡು ಸುಮಾರು ಹೊತ್ತು ನಿಂತಿದ್ದೆ.

ಕಂಪನಿಗೆ ಫೋನ್ ಹಚ್ಚಿದೆ. ಮಾತಾಡಿದವರಿಗೆ ಕನ್ನಡ ಬರುವುದಿಲ್ಲ, ನನಗೆ ಹಿಂದಿ ಅಷ್ಟಕ್ಕಷ್ಟೇ. ಹತ್ತಿರದ ಡೀಲರ್ ಕಲಬುರಗಿ ಅಂದರು. ಅವನು "ನಾನು ಮಾರಿದ ಗಾಡಿ ಅಲ್ಲ, ಮೊದಲು ನಮ್ಮ ಗಿರಾಕಿಗಳದ್ದು" ಅಂದ. ಒಟ್ಟು 41 ದಿನ. ವಾರಂಟಿ ಕಾಗದ ಕೈಯಲ್ಲೇ ಇತ್ತು. ಎರೆ ಹೊಲದಲ್ಲಿ ಹಸಿ ಆರಿದ ಮೇಲೆ ಕಡಲೆ ಬಿತ್ತಿ ಏನು ಬರುತ್ತದೆ ಹೇಳಿ. ಆ ವರ್ಷ ಎರಡು ಎಕರೆ ಹಾಗೇ ಬಿಟ್ಟೆ.

ಗಂಗಾವತಿ ಗದ್ದೆ

ಇದೇ ನಾನು ಹೇಳಿದ್ದು. ದೊಡ್ಡ ಕಂಪನಿ ಆದರೆ ಒಬ್ಬ ಡೀಲರ್ ಹೋದರೂ ಇನ್ನೊಬ್ಬ ಬರುತ್ತಾನೆ.

ಕಂಪ್ಲಿ ಫಿಟ್ಟರ್

ಗದ್ದೆಯವರೇ, ಅದನ್ನು ಪೂರ್ತಿ ಒಪ್ಪಲಾರೆ. ಕಂಪನಿ ದೊಡ್ಡದು ಅನ್ನುವುದು ಒಂದು, ಆ ಗಾಡಿ ಊರಲ್ಲಿ ಎಷ್ಟಿವೆ ಅನ್ನುವುದು ಇನ್ನೊಂದು. ಎರಡೂ ಒಂದೇ ಅಲ್ಲ.

ಎಚ್‌ಎಂಟಿ ನೋಡಿ. 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಝೆಟರ್ ಅನ್ನುವ ವಿದೇಶಿ ಕಂಪನಿಯ ತಂತ್ರದ ಮೇಲೆ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದರು. ಸರ್ಕಾರ 2016ರಲ್ಲಿ ಆ ವಿಭಾಗ ಮುಚ್ಚಲು ಒಪ್ಪಿತು. ಅಂದರೆ ಈಗ ಆ ಟ್ರ್ಯಾಕ್ಟರ್ ಮಾಡುವ ಕಾರ್ಖಾನೆಯೂ ಇಲ್ಲ, ಡೀಲರೂ ಇಲ್ಲ. ಆದರೂ ನನ್ನ ಗ್ಯಾರೇಜಿಗೆ ಎರಡು ಎಚ್‌ಎಂಟಿ ಇವತ್ತಿಗೂ ಬರುತ್ತವೆ. ಪಿಸ್ಟನ್, ಲೈನರ್, ಕ್ಲಚ್, ಎಲ್ಲ ಸಿಗುತ್ತದೆ, ಲುಧಿಯಾನಾ ಕಡೆ ಮಾಡುವವರಿದ್ದಾರೆ. ದೇಶದ ತುಂಬ ಆ ಗಾಡಿ ಇದ್ದದ್ದಕ್ಕೆ ಸಾಮಾನು ಮಾಡುವವರು ಉಳಿದರು.

ಈಗ ಫೋರ್ಸ್ ಮೋಟರ್ಸ್ ನೋಡಿ. ಕಂಪನಿ ದೊಡ್ಡದೇ, ಟ್ರಾವೆಲರ್ ವ್ಯಾನ್ ಈಗಲೂ ಮಾಡುತ್ತದೆ. ಆರ್ಚರ್ಡ್ ಮಿನಿ ಅಂತ ಹಣ್ಣಿನ ತೋಟದವರಿಗೇ ಹೊಂದುವ ಗಾಡಿಯೂ ಅವರದಿತ್ತು. 2024ರ ಮಾರ್ಚ್ 31ಕ್ಕೆ ಟ್ರ್ಯಾಕ್ಟರ್ ಕೆಲಸವನ್ನೇ ನಿಲ್ಲಿಸಿದರು. ಕಂಪನಿ ಇದೆ, ಟ್ರ್ಯಾಕ್ಟರ್ ಇಲ್ಲ.

ಹಾಗಾಗಿ ಡೀಲರ್ ಆಸರೆ ಮೊದಲ ಎರಡು ವರ್ಷಕ್ಕೆ, ಕಂಪನಿಯದು ಎಂಟು ಹತ್ತು ವರ್ಷಕ್ಕೆ. ಅದರಾಚೆಗೆ ಆಸರೆ ಅಂದರೆ ಪಕ್ಕದ ಊರಲ್ಲಿರುವ ಅದೇ ಗಾಡಿ. ನೀವು ಮೊದಲು ಎಣಿಸಬೇಕಾದ್ದು ಇದನ್ನು. ಕೊಪ್ಪಳ ಜಿಲ್ಲೆಯಲ್ಲಿ ಎಷ್ಟು ಮಾರಿದ್ದೀರಿ ಅಂತ ಕೇಳಿ, ಅವರಲ್ಲಿ ನಾಲ್ಕು ಜನರ ಫೋನ್ ನಂಬರ್ ಇಸಿದುಕೊಳ್ಳಿ. ಡೀಲರ್ ಆರಿಸಿ ಕೊಟ್ಟವರಿಗೆ ಮಾತ್ರ ಫೋನ್ ಮಾಡಬೇಡಿ, ಹಳೆಯ ಗಾಡಿ ಇಟ್ಟುಕೊಂಡವರನ್ನು ಹುಡುಕಿ.

ಕುರುಗೋಡು ಅಂಜೂರ

ನನ್ನ ಹತ್ತಿರ ಇರುವುದು ಹೆಸರಿರುವ ಕಂಪನಿಯ ಮಿನಿ. ಅದರಲ್ಲೂ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಶೋರೂಮ್ ದೊಡ್ಡದು, ಸಾಲಾಗಿ ನಿಂತಿರುವುದೆಲ್ಲ 45, 50 ಎಚ್‌ಪಿ. ಮೆಕ್ಯಾನಿಕ್‌ಗಳು ಕಲಿತದ್ದೂ ಅವುಗಳ ಮೇಲೆ. ನನ್ನ ಗಾಡಿ ಒಯ್ದರೆ ಸುತ್ತ ನಿಂತು ನೋಡುತ್ತಾರೆ. ಏರ್ ಫಿಲ್ಟರ್‌ಗೇ ಒಂದು ಸಲ ಆರು ದಿನ ಕಾದಿದ್ದೇನೆ. ಕಂಪನಿಯ ಹೆಸರಿಗಿಂತ ಆ ಮಾಡೆಲ್ ಎಷ್ಟು ಓಡುತ್ತದೆ ಅಂತ ಫಿಟ್ಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ಟೈರ್ ಮರೆಯಬೇಡಿ. ಹಿಂದಿನದು 8.3-20 ಇದ್ದರೆ ನಮ್ಮ ಕಡೆ ಅಂಗಡಿಯಲ್ಲಿ ಕೈಗೆ ಸಿಗುವುದಿಲ್ಲ, ಹೇಳಿ ತರಿಸಬೇಕು. ಸಿಕ್ಕದ್ದು ಹಾಕುತ್ತೇನೆ ಅನ್ನುವ ಹಾಗಿಲ್ಲ. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಚಕ್ರದ ಸುತ್ತು ಹಿಂದಿನದಕ್ಕೆ ಲೆಕ್ಕ ಹಾಕಿ ಹೊಂದಿಸಿರುತ್ತಾರೆ. ಬೇರೆ ಸೈಜ್ ಹಾಕಿದರೆ ಎರಡೂ ಆಕ್ಸೆಲ್ ಒಂದನ್ನೊಂದು ಎಳೆದಾಡಿ ಗೇರ್ ತಿನ್ನುತ್ತವೆ.

ರಾಯಚೂರು ಎಂಜಿನಿಯರ್

ಕೃಷಿ ಎಂಜಿನಿಯರಿಂಗ್ ಓದಿದವನು ನಾನು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ, ಟ್ರ್ಯಾಕ್ಟರ್‌ಗಳನ್ನು ಅಲ್ಲಿ ಪರೀಕ್ಷೆ ಮಾಡಿ ವರದಿ ಕೊಡುತ್ತಾರೆ. ನೀವು ನೋಡಿದ ಮಾಡೆಲ್‌ನ ವರದಿ ಡೀಲರ್ ಹತ್ತಿರ ಕೇಳಿ. ಸಬ್ಸಿಡಿಗೂ ಅದು ಬೇಕಾಗುತ್ತದೆ. 24 ಎಚ್‌ಪಿ ಅನ್ನುವುದು ಇಂಜಿನ್ನಿನ ಲೆಕ್ಕ. ಬ್ಲೋವರ್ ತಿರುಗಿಸುವುದು ಪಿಟಿಒ, ಅಲ್ಲಿಗೆ ಬರುವ ಶಕ್ತಿ ಅದಕ್ಕಿಂತ ಕಡಿಮೆ. ವರದಿಯಲ್ಲಿ ಆ ಅಂಕಿ ಇರುತ್ತದೆ. ಪರೀಕ್ಷೆ ವೇಳೆ ಏನಾದರೂ ಮುರಿದಿದ್ದರೆ, ಸೋರಿದ್ದರೆ ಅದನ್ನೂ ಬರೆದಿರುತ್ತಾರೆ. ಆ ಪುಟ ತಪ್ಪದೆ ಓದಿ.

ಕಾಗದದ ವಿಷಯ. ಕೆಎ-37 ನಂಬರ್ ಬೀಳಬೇಕಾದರೆ ಮಾರಾಟದ ಸರ್ಟಿಫಿಕೇಟ್ ಫಾರ್ಮ್ 21, ಕಂಪನಿ ಕೊಡುವ ಫಾರ್ಮ್ 22, ಎರಡೂ ಬೇಕು. ಬಿಲ್ಲು ಅಧಿಕೃತ ಡೀಲರ್ ಹೆಸರಿನಲ್ಲೇ ಇರಲಿ, ಸಬ್ ಡೀಲರ್ ಚೀಟಿ ನಂಬಿ ಪೂರ್ತಿ ದುಡ್ಡು ಕೊಡಬೇಡಿ. ಕೊಟೇಶನ್ ಹಳೆಯದಾಗಿದ್ದರೆ ಹೊಸದು ತೆಗೆದುಕೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ.

ಯಲಬುರ್ಗಾದವರೇ, ನಿಮ್ಮದು ಓದಿ ಬೇಸರವಾಯಿತು. ಇನ್ನು ಮುಂದಾದರೂ ಯಾರಿಗೂ ಹೀಗಾಗಬಾರದು ಅಂತ ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಡೀಲರ್ ಮಾತ್ರ ಅಲ್ಲ, ತಯಾರಿಸಿದ ಕಂಪನಿಯೂ ಹೊಣೆ. ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದ ಒಳಗಿನ ಖರೀದಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇಲ್ಲ, ಕೆಟ್ಟ ದಿನವೇ ಒಂದು ವಾಟ್ಸಾಪ್ ಮೆಸೇಜ್ ಆದರೂ ಹಾಕಿಡಿ.

ಯಲಬುರ್ಗಾ ಕಡಲೆ

ಆಗ ಇದು ಗೊತ್ತಿರಲಿಲ್ಲ ಸರ್. ಬರೆದಿಟ್ಟುಕೊಂಡೆ.

ಕಂಪ್ಲಿ ಫಿಟ್ಟರ್

ಕುಷ್ಟಗಿ ತಮ್ಮಾ, ಒಂದು ಉಪಾಯ ಹೇಳುತ್ತೇನೆ. ಇಷ್ಟು ಮಾತಿಗಿಂತ ಅದು ಒಳ್ಳೆಯದು. ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ಸಾಮಾನು ಕೊಂಡು ನೋಡಿ. ಎರಡೂ ಕಡೆ ಹೋಗಿ, ದುಡ್ಡು ಕೊಟ್ಟು, ಮೂರು ಸಾಮಾನು ಆರ್ಡರ್ ಹಾಕಿ: ಫಿಲ್ಟರ್ ಸೆಟ್, ಮುಂದಿನ ಹಬ್ ಸೀಲ್, ಕ್ಲಚ್ ಪ್ಲೇಟ್. ಹೈಡ್ರಾಲಿಕ್ ಪಂಪ್ ರೇಟು ಎಷ್ಟು, ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ ಬನ್ನಿ. ಕೊನೆಗೆ ಕೊಳ್ಳದ ಗಾಡಿಯ ಸಾಮಾನಿಗೆ ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ. ಬಂದ ದಿನ ಗೋಡೆಯ ಮೇಲೆ ಬರೆದಿಡಿ.

ಬಳ್ಳಾರಿ ಕೌಂಟರ್

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆರ್ಡರ್ ಹಾಕುವಾಗ ಗಾಡಿ ಕೊಳ್ಳುವ ಗಿರಾಕಿ ಅಂತ ಹೇಳಬೇಡಿ, ಗಾಡಿ ಇದೆ ಅನ್ನುವ ಹಾಗೆ ಬೇರೆಯವರ ಕೈಲಿ ಹಾಕಿಸಿ. ಮಾರುವ ಆಸೆ ಇದ್ದಾಗ ಎಲ್ಲರೂ ಬೇಗ ತರಿಸುತ್ತಾರೆ.

ಲಿಂಗಸುಗೂರು ತೋಟ

ನಮ್ಮ ಗಾಡಿಯ ಚಾಸಿ ನಂಬರ್ ಕೊಡುತ್ತೇನೆ, ನನ್ನ ಹೆಸರಿನಲ್ಲೇ ಹಾಕಿಸಿ. ನಿಮಗೆ ಉಪಯೋಗ ಆಗಲಿ.

ಕುಷ್ಟಗಿ ದಾಳಿಂಬೆ (ಮೂರು ವಾರದ ನಂತರ)

ಎಲ್ಲರೂ ಕಾಯುತ್ತಿದ್ದೀರಿ, ತಡವಾಯಿತು, ಕ್ಷಮಿಸಿ.

ಕೊಪ್ಪಳದ ಶೋರೂಮ್‌ನಲ್ಲಿ ಪರಿಚಯದವರ ಗಾಡಿ ನಂಬರ್ ಕೊಟ್ಟು ಹಾಕಿಸಿದೆ. ಫಿಲ್ಟರ್ ಸೆಟ್ ಕೌಂಟರ್‌ನಲ್ಲೇ ಇತ್ತು. ಸೀಲ್ ಎರಡನೇ ದಿನ, ಕ್ಲಚ್ ಪ್ಲೇಟ್ ಐದನೇ ದಿನ ಬಂತು. ಪಂಪ್ ರೇಟು ಕಂಪ್ಯೂಟರ್ ನೋಡಿ ಅಲ್ಲೇ ಹೇಳಿದರು. ಟೈರ್ ಮಾತ್ರ ಅಂಜೂರದವರು ಹೇಳಿದ ಹಾಗೇ, ತರಿಸಬೇಕು.

ಸಣ್ಣ ಕಂಪನಿಯದು: ಕುಷ್ಟಗಿಯ ಸಬ್ ಡೀಲರ್‌ಗೆ ಆರ್ಡರ್ ಹಾಕುವ ಕೋಡ್ ಇಲ್ಲ. ಕೇಳಿದಾಗ ಮುಚ್ಚಿಡದೆ ಹೇಳಿದರು. ಹುಬ್ಬಳ್ಳಿಯಿಂದ ಫಿಲ್ಟರ್ ಮೂರನೇ ದಿನ, ಸೀಲ್ ಐದನೇ ದಿನ ಬಂತು. ಇಷ್ಟಾದಾಗ ನನಗೆ ಖುಷಿ ಆಯಿತು, ಇದನ್ನೇ ತರೋಣ ಅಂತ ಮನೆಯಲ್ಲಿ ಹೇಳಿಯೂ ಬಿಟ್ಟೆ. ಕ್ಲಚ್ ಪ್ಲೇಟ್ ಬರಲಿಲ್ಲ. ಎಂಟನೇ ದಿನ ಕೇಳಿದೆ, ಫ್ಯಾಕ್ಟರಿಯಿಂದ ಹೊರಟಿದೆ ಅಂದರು. ಹನ್ನೆರಡನೇ ದಿನ ಕೇಳಿದಾಗಲೂ ಅದೇ ಮಾತು. ಬಂದದ್ದು ಹತ್ತೊಂಬತ್ತನೇ ದಿನ. ಪಂಪ್ ರೇಟು ಇವತ್ತಿಗೂ ಹೇಳಿಲ್ಲ.

ಆ ಹತ್ತೊಂಬತ್ತು ದಿನದಲ್ಲಿ ಎರಡು ರಾತ್ರಿ ಜೋರು ಮಳೆ ಬಂತು. ದಾಳಿಂಬೆ ಬೆಳೆಯುವವರಿಗೆ ಇದರ ಅರ್ಥ ಗೊತ್ತು. ಮಳೆ ನಿಂತ ಮೇಲೆ ಎಲೆ ಆರಿದ ಕೂಡಲೇ ಔಷಧಿ ಬೀಳಬೇಕು, ಇಲ್ಲದಿದ್ದರೆ ಎಲೆಯ ಮೇಲೆ ಎಣ್ಣೆ ಚುಕ್ಕೆ ಏಳುತ್ತದೆ, ಆಮೇಲೆ ಕಾಯಿ ಸೀಳುತ್ತದೆ. ದುಂಡಾಣು ಅಂಗಮಾರಿಗೆ ಹಿಂದೆ ನಮ್ಮ ಕಡೆ ತೋಟ ತೋಟವನ್ನೇ ಕಿತ್ತು ಹಾಕಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಎರಡನೇ ಮಳೆಯ ಮರುದಿನ ನಾಲ್ಕು ಜನರಿಗೆ ಬಾಡಿಗೆ ಬ್ಲೋವರ್ ಕೇಳಿದೆ. ಎಲ್ಲರದೂ ಅವರವರ ತೋಟದಲ್ಲೇ ಓಡುತ್ತಿತ್ತು. ಕೊನೆಗೆ ಅಪ್ಪ, ನಾನು, ನನ್ನ ಹೆಂಡತಿ ಮೂವರೂ ಪೈಪ್ ಎಳೆದು ಸಂಜೆ ಏಳರವರೆಗೆ ಹೊಡೆದೆವು. ಗಾಡಿ ಕೊಂಡು, ಅದು ಶೆಡ್‌ನಲ್ಲಿ ನಿಂತು, ಹೀಗೆ ಪೈಪ್ ಎಳೆಯುವ ದಿನ ಬಂದರೆ ಹೇಗಿರುತ್ತದೆ ಅಂತ ಆವತ್ತು ಅನ್ನಿಸಿತು.

ಕೊಪ್ಪಳದ್ದಕ್ಕೇ ಮುಂಗಡ ಕೊಟ್ಟಿದ್ದೇನೆ. ಹೆಚ್ಚಿನ 1.1 ಲಕ್ಷ ಹೊಂದಿಸಲು 600 ಲೀಟರ್ ಬ್ಲೋವರ್ ಬಿಟ್ಟು 200 ಲೀಟರ್‌ದು ತೆಗೆದುಕೊಳ್ಳುತ್ತಿದ್ದೇನೆ. ನೀರು ತುಂಬಲು ಜಾಸ್ತಿ ಸಲ ಬರಬೇಕು, ಬರುತ್ತೇನೆ. ಸಬ್ ಡೀಲರ್‌ಗೆ ನಾನೇ ಹೋಗಿ ವಿಷಯ ಹೇಳಿ ಬಂದೆ. "ನನ್ನ ಕೈಲಿ ಕೋಡ್ ಇದ್ದಿದ್ದರೆ ನಿಮ್ಮನ್ನ ಬಿಡ್ತಿರಲಿಲ್ಲ" ಅಂದರು. ಅವರ ಮೇಲೆ ನನಗೆ ಗೌರವವೇ ಇದೆ.

ಗಂಗಾವತಿ ಗದ್ದೆ

ಒಳ್ಳೆಯದಾಯಿತು ತಮ್ಮಾ. ಪೂಜೆ ಫೋಟೋ ಹಾಕು.

ಲಿಂಗಸುಗೂರು ತೋಟ

ನಿಮ್ಮ ತೋಟಕ್ಕೆ ನಿಮ್ಮ ತೀರ್ಮಾನ ಸರಿ. ನನ್ನದು ಹೆಚ್ಚು ಮೋಸಂಬಿ, ಎರಡು ದಿನ ತಡವಾದರೂ ನಡೆಯುತ್ತದೆ, ನಾನು ನನ್ನ ಗಾಡಿ ಬಿಡುವುದಿಲ್ಲ. ಆದರೆ ಕ್ಲಚ್ ಪ್ಲೇಟ್‌ಗೆ ಹತ್ತೊಂಬತ್ತು ದಿನ ಅಂತ ಗೊತ್ತಾದದ್ದು ನನಗೂ ಒಳ್ಳೆಯದಾಯಿತು. ನನ್ನ ಪ್ಲೇಟ್ ಇನ್ನೂ ಮೊದಲಿನದೇ.

ಒಂದು ಕೇಳಲಾ? ನೀವು ತರಿಸಿದ ಆ ಸೀಲ್, ಕ್ಲಚ್ ಪ್ಲೇಟ್ ಎರಡನ್ನೂ ನನಗೆ ಕೊಡುತ್ತೀರಾ? ಎಡಗಡೆ ಹಬ್ ಈಗ ಚೆನ್ನಾಗಿಯೇ ಸೋರುತ್ತಿದೆ. ಬಿಲ್ಲಿನ ದುಡ್ಡು ಪೂರ್ತಿ ಹಾಕುತ್ತೇನೆ.

ಕುಷ್ಟಗಿ ದಾಳಿಂಬೆ

ಅಕ್ಕಾ, ಅವು ನಿಮ್ಮ ಹೆಸರಿನಲ್ಲೇ ಬಂದ ಸಾಮಾನು. ಫಿಲ್ಟರ್ ಸೆಟ್ ಕೂಡ ಅದರ ಜೊತೆಗೇ ಇಡುತ್ತೇನೆ. ನಾಳೆ ಬೆಳಿಗ್ಗೆ ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಸ್ ನಂಬರ್ ಕಳಿಸುತ್ತೇನೆ.

ಕಂಪ್ಲಿ ಫಿಟ್ಟರ್

ಅಕ್ಕಾ, ಹಳೆಯ ಸೀಲ್ ತೆಗೆದಾಗ ಶಾಫ್ಟ್ ಮೇಲೆ ಉಗುರು ಓಡಿಸಿ ನೋಡಿ. ಗೀರು ಉಗುರಿಗೆ ಸಿಕ್ಕಿದರೆ ಹೊಸ ಸೀಲ್ ಕೂಡ ಸೋರುತ್ತದೆ, ಮೊದಲು ಅದನ್ನು ಸರಿ ಮಾಡಿಸಿ. ಹಾಕುವ ಮುಂಚೆ ಸೀಲಿನ ತುಟಿಗೆ ಗ್ರೀಸ್ ಹಚ್ಚಿ. ಸುತ್ತಿಗೆಯಿಂದ ನೇರ ಹೊಡೆಯಬೇಡಿ, ಮೇಲೆ ಮರದ ತುಂಡು ಇಟ್ಟು ಸುತ್ತಲೂ ಸಮ ಬಡಿಯಿರಿ.